ರೀಲ್ಸ್ ನೋಡಿದವರು ಅಂಗಡಿಗೆ ಬರಬೇಕಲ್ಲ!

ವ್ಯಾಪಾರದ ವೆಬ್‌ಸೈಟಿಗೆ ಸೋಶಿಯಲ್ ಮೀಡಿಯಾ ಜೋಡಿಸುವ ಬಗ್ಗೆ ನಿಮ್ಮ ತೊಂದರೆ ಬರೆದು ಕಳಿಸಿ ಅಂದಿದ್ದೆ. ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಮುಕ್ಕಾಲು ಪಾಲು ಪತ್ರಗಳ ಗೋಳು ಅದೇ ಆಗಿತ್ತು, ಅದಕ್ಕೆ.

ಪ್ರಶ್ನೆ: ನಮ್ಮದು ಇಳಕಲ್ ಸೀರೆ ವ್ಯಾಪಾರ, ಅಪ್ಪನ ಕಾಲದಿಂದ. ಹೋದ ವರ್ಷ ವೆಬ್‌ಸೈಟ್ ಮಾಡಿಸಿದೆವು. ಇನ್‌ಸ್ಟಾಗ್ರಾಂನಲ್ಲಿ ಒಂಬತ್ತು ಸಾವಿರ ಜನ ಫಾಲೋ ಮಾಡುತ್ತಾರೆ. ರೀಲ್ಸ್ ಹಾಕಿದರೆ ‘ರೇಟ್ ಎಷ್ಟ್ರೀ’ ಅಂತ ಕಾಮೆಂಟ್ ಮೇಲೆ ಕಾಮೆಂಟ್. ಆದರೆ ವೆಬ್‌ಸೈಟಿನಿಂದ ಬಂದ ಆರ್ಡರ್ ಎರಡೇ ಎರಡು. ಸೈಟ್ ಮಾಡಿಕೊಟ್ಟ ಹುಡುಗ ‘ಸೋಶಿಯಲ್ ಮೀಡಿಯಾ ಇಂಟಿಗ್ರೇಷನ್ ಆಗಿದೆ’ ಅನ್ನುತ್ತಾನೆ. ಮೇಲ್ಗಡೆ ನಾಲ್ಕು ದುಂಡನೆಯ ಗುರುತು ಬಿಟ್ಟರೆ ನಮಗೇನೂ ಕಾಣುತ್ತಿಲ್ಲ. ಇನ್ನೇನು ಮಾಡಬೇಕು ಸರ್?
*— ಸೀರೆ ವ್ಯಾಪಾರಿ, ಇಳಕಲ್*

ಮೊದಲು ಒಂದು ಕೆಲಸ ಮಾಡಿ. ಮನೆಯವರ ಯಾರದ್ದಾದರೂ ಫೋನ್ ತೆಗೆದುಕೊಂಡು, ನೀವೇ ಗಿರಾಕಿ ಅಂದುಕೊಂಡು, ನಿಮ್ಮದೇ ಒಂದು ರೀಲ್‌ನಿಂದ ಹೊರಟು ಆ ಸೀರೆ ಕೊಳ್ಳುವವರೆಗೆ ಹೋಗಿ ನೋಡಿ. ಎಷ್ಟು ಸಲ ಬೆರಳು ಒತ್ತಬೇಕಾಯಿತು, ಎಲ್ಲಿ ಕಾಯಬೇಕಾಯಿತು, ಎಲ್ಲಿ ಬೇಸರ ಬಂತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ನಾನು ಇಂಥದ್ದೊಂದು ಸೀರೆ ಅಂಗಡಿಯ ಸೈಟಿನಲ್ಲಿ ಇದನ್ನು ಮಾಡಿ ನೋಡಿದ್ದೆ. ರೀಲ್ ಬಹಳ ಚೆನ್ನಾಗಿತ್ತು. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುತ್ತಿರುವ ನೇಕಾರರ ಬೆರಳು, ಆಮೇಲೆ ಟೋಪ್ ತೆನಿ ಅನ್ನುವ ವಿನ್ಯಾಸದ ಸೆರಗು ಬಿಡಿಸಿ ತೋರಿಸುವುದು, ಅಷ್ಟೇ. ನೋಡಿದ ಕೂಡಲೇ ಬೇಕು ಅನಿಸುತ್ತೆ. ಸರಿ, ಎಲ್ಲಿ ಕೊಳ್ಳುವುದು? ಕೆಳಗೆ ವಿವರದಲ್ಲಿ ವೆಬ್‌ಸೈಟ್ ವಿಳಾಸ ಬರೆದಿದ್ದರು. ಇನ್‌ಸ್ಟಾಗ್ರಾಂನಲ್ಲಿ ಅಲ್ಲಿ ಬರೆದ ವಿಳಾಸ ಒತ್ತಿದರೆ ತೆರೆಯುವುದಿಲ್ಲ, ಅದು ಬರೀ ಅಕ್ಷರ. ಪ್ರೊಫೈಲ್‌ಗೆ ಹೋಗಿ ಅಲ್ಲಿನ ಲಿಂಕ್ ಒತ್ತಿದೆ. ಹೋಮ್ ಪೇಜ್ ತೆರೆಯಿತು. ಕ್ಯಾಮೆರಾದಿಂದ ಹಾಗೇ ಹಾಕಿದ ನಾಲ್ಕು ದೊಡ್ಡ ಫೋಟೋಗಳು ಒಂದರ ಹಿಂದೊಂದು ಜಾರುತ್ತಿದ್ದವು, ‘ಸುಸ್ವಾಗತ’ ಅಂತ ಬರೆದಿತ್ತು. ನಾನು ನೋಡಿದ ಸೀರೆ ಎಲ್ಲೂ ಇಲ್ಲ. ಸೀರೆಗಳ ಪಟ್ಟಿಗೆ ಹೋದರೆ ನೂರಾರು ಫೋಟೋ. ಅದರಲ್ಲಿ ಕೆಂಪು ಒಡಲಿನ ಗೋಮಿ ದಡಿಯವು ಹನ್ನೊಂದು. ನಾನು ನೋಡಿದ್ದು ಯಾವುದು? ಅಷ್ಟು ಹೊತ್ತಿಗೆ ಕೊಳ್ಳುವ ಮನಸ್ಸು ಇಳಿದುಹೋಗಿತ್ತು.

ನಿಮ್ಮ ಕಾಮೆಂಟಿನಲ್ಲಿ ‘ರೇಟ್ ಎಷ್ಟ್ರೀ’ ಅನ್ನುವವರೆಲ್ಲ ಇದೇ ದಾರಿಯಲ್ಲಿ ಅರ್ಧಕ್ಕೆ ನಿಂತವರು. ಅವರಿಗೆ ಸೀರೆ ಬೇಕಾಗಿದೆ. ದಾರಿ ಇಲ್ಲ. ಈ ದಾರಿ ಮಾಡಿಕೊಡುವುದೇ ಜೋಡಣೆ. ಗುರುತು ಅಂಟಿಸುವುದಲ್ಲ.

ಹೇಗೆ ಮಾಡುವುದು? ಪ್ರತಿ ಸೀರೆಗೂ ಒಂದು ನಂಬರ್ ಕೊಡಿ, ಉದಾಹರಣೆಗೆ ಐ-114. ಅದಕ್ಕೆ ಸೈಟಿನಲ್ಲಿ ಅದರದ್ದೇ ಒಂದು ಪುಟ ಇರಲಿ. ಅದರಲ್ಲಿ ದಡಿ ಯಾವುದು, ಒಡಲು ಕಾಟನ್ನೋ ರೇಷ್ಮೆಯೋ, ಸೆರಗು ರೇಷ್ಮೆಯೋ ಆರ್ಟ್ ಸಿಲ್ಕೋ, ಎಷ್ಟು ಗಜ, ಕೈಮಗ್ಗವೋ ಪವರ್‌ಲೂಮೋ, ಬೆಲೆ ಎಷ್ಟು, ಎಲ್ಲ ಬರೆಯಿರಿ. ಬೆಲೆ ಮುಚ್ಚಿಟ್ಟು ‘ಡಿಎಂ ಮಾಡಿ’ (ಖಾಸಗಿಯಾಗಿ ಮೆಸೇಜ್ ಕಳಿಸಿ) ಅನ್ನುವ ರೂಢಿ ಬಿಡಿ. ನನಗೆ ಆ ರೂಢಿ ಕಂಡರೆ ಆಗುವುದಿಲ್ಲ. ಬೆಲೆ ಕೇಳಲು ಸಂಕೋಚಪಡುವವರು ಬಹಳ ಜನ, ಅವರು ಕೇಳದೆಯೇ ಹೋಗಿಬಿಡುತ್ತಾರೆ. ರೀಲ್‌ನಲ್ಲಿ ಮೂಲೆಗೆ ಐ-114 ಅಂತ ಕಾಣುವಂತೆ ಹಾಕಿ. ಸೈಟಿನ ಮೇಲ್ಗಡೆ ಹುಡುಕುವ ಪೆಟ್ಟಿಗೆ ಇಟ್ಟು, ನಂಬರ್ ಹೊಡೆದರೆ ನೇರ ಆ ಸೀರೆಗೆ ಹೋಗುವಂತೆ ಮಾಡಿಸಿ. ಸ್ಟೋರಿ ಹಾಕುವಾಗಲಂತೂ ಲಿಂಕ್ ಸ್ಟಿಕರ್ ಇದೆ, 2021ರ ಅಕ್ಟೋಬರ್‌ನಿಂದ ಅದು ಎಲ್ಲ ಖಾತೆಗಳಿಗೂ ಸಿಗುತ್ತಿದೆ. ಅದಕ್ಕೆ ಹೋಮ್ ಪೇಜ್ ಕೊಡಬೇಡಿ, ಆ ಸೀರೆಯ ಪುಟವನ್ನೇ ಕೊಡಿ. ಪ್ರೊಫೈಲ್‌ನಲ್ಲಿ ಮೊದಲು ಒಂದೇ ಲಿಂಕ್ ಹಾಕಬಹುದಿತ್ತು, 2023ರ ಏಪ್ರಿಲ್‌ನಿಂದ ಐದು ಹಾಕಬಹುದು. ‘ಈ ವಾರ ಮಗ್ಗದಿಂದ ಬಂದವು’ ಅಂತ ಒಂದು ಪುಟ ಮಾಡಿ ಅದನ್ನು ಮೊದಲ ಲಿಂಕ್ ಆಗಿ ಇಡಿ.

ಇನ್ನು ವಾಟ್ಸ್‌ಆ್ಯಪ್. ನಮ್ಮ ಜನ ಕಾರ್ಟ್‌ಗೆ ಹಾಕಿ, ವಿಳಾಸ ತುಂಬಿ, ಕಾರ್ಡ್ ನಂಬರ್ ಹೊಡೆದು ಸೀರೆ ಕೊಳ್ಳುವುದಕ್ಕಿಂತ ಮೊದಲು ಎರಡು ಮಾತು ಕೇಳಬೇಕು ಅಂತಾರೆ. ಬಣ್ಣ ಬಿಡುತ್ತಾ? ಬ್ಲೌಸ್ ಪೀಸ್ ಇದೆಯಾ? ಹಬ್ಬದೊಳಗೆ ಕೈಸೇರುತ್ತಾ? ಹಾಗಾಗಿ ಪ್ರತಿ ಸೀರೆಯ ಬೆಲೆಯ ಕೆಳಗೇ ‘ವಾಟ್ಸ್‌ಆ್ಯಪ್‌ನಲ್ಲಿ ಕೇಳಿ’ ಅನ್ನುವ ಬಟನ್ ಬೇಕು. ಒತ್ತಿದ ಕೂಡಲೇ ‘ನಮಸ್ಕಾರ, ಐ-114 ಗೋಮಿ ದಡಿ ಸೀರೆ ಇದೆಯಾ?’ ಅಂತ ಮೊದಲೇ ಬರೆದಿಟ್ಟ ಮಾತು ಅವರ ಫೋನಿನಲ್ಲಿ ತೆರೆಯಬೇಕು. ಅವರು ಕಳಿಸು ಅಂತ ಒತ್ತಿದರೆ ಸಾಕು. ಇದಕ್ಕೆ ದುಡ್ಡಿಲ್ಲ, ವಾಟ್ಸ್‌ಆ್ಯಪ್‌ನವರೇ ಕೊಟ್ಟಿರುವ ಚಿಕ್ಕ ಲಿಂಕ್ ಇದೆ, ‘ಕ್ಲಿಕ್ ಟು ಚಾಟ್’ ಅಂತಾರೆ, ನಿಮ್ಮ ಹುಡುಗನಿಗೆ ಗೊತ್ತಿರುತ್ತೆ. ಒಂದು ಎಚ್ಚರ. ಆ ಲಿಂಕಿನಲ್ಲಿ ನಂಬರಿನ ಮುಂದೆ ಭಾರತದ ಕೋಡ್ 91 ಇರಲೇಬೇಕು. ಪ್ಲಸ್ ಗುರುತು, ಸೊನ್ನೆ, ಮಧ್ಯದ ಗೆರೆ ಯಾವುದೂ ಇರಬಾರದು. 91 ಬಿಟ್ಟರೆ ಲಿಂಕ್ ನಿಮ್ಮ ನಂಬರಿಗೆ ಬರುವುದೇ ಇಲ್ಲ. ಎಷ್ಟೋ ಸೈಟುಗಳಲ್ಲಿ ಈ ಬಟನ್ ಸುಮ್ನೆ ಇದೆ, ಹಾಕಿಸಿಕೊಂಡವರು ಒಂದು ಸಲವೂ ಒತ್ತಿ ನೋಡಿರುವುದಿಲ್ಲ.

ಆ ನಾಲ್ಕು ದುಂಡನೆಯ ಗುರುತುಗಳ ಬಗ್ಗೆ. ಮೇಲಿನಿಂದ ತೆಗೆಸಿ ಪುಟದ ಬುಡಕ್ಕೆ ಹಾಕಿಸಿ. ಅಂಗಡಿ ಒಳಗೆ ಬಂದು ಸೀರೆ ಮುಟ್ಟಿ ನೋಡುತ್ತಿರುವವರನ್ನು ‘ಬನ್ನಿ, ಹೊರಗೆ ಜಾತ್ರೆ ಇದೆ’ ಅಂತ ಯಾರಾದರೂ ಕೈಹಿಡಿದು ಕರೆದೊಯ್ಯುತ್ತಾರಾ? ಇನ್‌ಸ್ಟಾಗ್ರಾಂಗೆ ವಾಪಸ್ ಹೋದವರು ನಿಮ್ಮ ಪೋಸ್ಟ್ ನೋಡುತ್ತಾ ಕೂರುವುದಿಲ್ಲ, ಅಲ್ಲಿ ಇನ್ನೂ ಸಾವಿರ ಇವೆ. ಹಾಗೇ ಆ ಗುರುತುಗಳನ್ನು ಒಂದೊಂದಾಗಿ ಒತ್ತಿ ನೋಡಿ. ಬಹಳ ಕಡೆ ಅವು ನಿಮ್ಮ ಪುಟಕ್ಕೆ ಹೋಗುವುದೇ ಇಲ್ಲ, ಬರೀ ಫೇಸ್‌ಬುಕ್‌ನ ಮುಖಪುಟ ತೆರೆಯುತ್ತೆ. ರೆಡಿಮೇಡ್ ಟೆಂಪ್ಲೇಟ್‌ನಲ್ಲಿ ಇದ್ದದ್ದನ್ನು ಯಾರೂ ಬದಲಿಸಿರುವುದಿಲ್ಲ. 2019ರ ಏಪ್ರಿಲ್‌ನಲ್ಲೇ ಮುಚ್ಚಿಹೋದ ಗೂಗಲ್ ಪ್ಲಸ್ ಗುರುತು ಇನ್ನೂ ಇರುವ ಅಂಗಡಿ ಸೈಟುಗಳನ್ನು ನಾನು ನೋಡಿದ್ದೇನೆ.

ಕೊನೆಗೆ, ಯಾವ ಕಡೆಯಿಂದ ಎಷ್ಟು ಜನ ಬಂದರು ಅಂತ ಗೊತ್ತಾಗಬೇಕಲ್ವಾ. ಲಿಂಕಿನ ತುದಿಗೆ ಒಂದು ಬಾಲ ಸೇರಿಸುತ್ತಾರೆ, ಯುಟಿಎಂ ಅಂತ ಹೆಸರು. ಸ್ಟೋರಿಗೆ ಒಂದು ಬಾಲ, ಪ್ರೊಫೈಲ್ ಲಿಂಕಿಗೆ ಇನ್ನೊಂದು, ಫೇಸ್‌ಬುಕ್ಕಿಗೆ ಮತ್ತೊಂದು. ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನಲ್ಲಿ ಅವು ಬೇರೆ ಬೇರೆಯಾಗಿ ಕಾಣುತ್ತವೆ. ಎರಡು ತಿಂಗಳು ನೋಡಿ. ಆಮೇಲೆ ಯಾವುದಕ್ಕೆ ಸಮಯ ಕೊಡಬೇಕು ಅಂತ ನಿಮಗೇ ತಿಳಿಯುತ್ತೆ, ನನ್ನನ್ನು ಕೇಳಬೇಕಾಗಿಲ್ಲ.

ಪ್ರಶ್ನೆ: ನಾವು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರು. ಹೊಸ ಹೈವೇ ಊರಿನ ಹೊರಗಿಂದ ಹೋದ ಮೇಲೆ ಹಳೇ ರಸ್ತೆಯಲ್ಲಿ ಕಾರು ನಿಲ್ಲಿಸಿ ಕೊಳ್ಳುವವರು ಕಡಿಮೆಯಾದರು. ಅದಕ್ಕೇ ಸೈಟ್ ಮಾಡಿಸಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಲಿಂಕ್ ಕಳಿಸುತ್ತಿದ್ದೇವೆ. ಆದರೆ ಬೇರೆಯವರ ಲಿಂಕ್ ಕಳಿಸಿದರೆ ಚಂದದ ಚಿತ್ರ ಬರುತ್ತೆ, ನಮ್ಮದಕ್ಕೆ ಚಿತ್ರವೇ ಬರುವುದಿಲ್ಲ. ಕನ್ನಡದಲ್ಲಿ ಬರೆದ ಹೆಸರು ಏನೇನೋ ಇಂಗ್ಲಿಷ್ ಅಕ್ಷರವಾಗಿ ಕಾಣುತ್ತೆ. ಫೋನ್ ಕೆಟ್ಟಿದೆಯಾ?
*— ಬೊಂಬೆ ತಯಾರಕರು, ಚನ್ನಪಟ್ಟಣ*

ಫೋನ್ ಚೆನ್ನಾಗಿದೆ. ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ.

ಮೊದಲು ಚಿತ್ರದ್ದು. ನೀವು ಲಿಂಕ್ ಕಳಿಸಿದಾಗ ವಾಟ್ಸ್‌ಆ್ಯಪ್ ಆ ಪುಟದ ತಲೆಭಾಗಕ್ಕೆ ಹೋಗಿ ‘ನನಗೆ ತೋರಿಸಬೇಕಾದ ಚಿತ್ರ ಯಾವುದು, ಹೆಸರು ಏನು, ಒಂದು ಸಾಲಿನ ವಿವರ ಏನು’ ಅಂತ ಹುಡುಕುತ್ತೆ. ಅದನ್ನು ಬರೆದಿಡುವ ಕ್ರಮಕ್ಕೆ ಓಪನ್ ಗ್ರಾಫ್ ಅಂತ ಹೆಸರು. 2010ರಲ್ಲಿ ಫೇಸ್‌ಬುಕ್‌ನವರು ತಂದದ್ದು, ಈಗ ವಾಟ್ಸ್‌ಆ್ಯಪ್, ಲಿಂಕ್ಡ್‌ಇನ್, ಟೆಲಿಗ್ರಾಂ ಎಲ್ಲವೂ ಅದನ್ನೇ ಓದುತ್ತವೆ. ನಿಮ್ಮ ಪುಟದಲ್ಲಿ ಅದು ಇಲ್ಲ, ಅಷ್ಟೇ. ವರ್ಡ್‌ಪ್ರೆಸ್‌ನಲ್ಲಿ ಮಾಡಿದ ಸೈಟ್ ಆದರೆ ಯೋಸ್ಟ್ ಅಥವಾ ರ‍್ಯಾಂಕ್ ಮ್ಯಾತ್ ಅನ್ನುವ ಪ್ಲಗಿನ್ (ಸೈಟಿಗೆ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಹಾಕಿ, ಪ್ರತಿ ಬೊಂಬೆಯ ಪುಟಕ್ಕೂ ಮುಖ್ಯ ಚಿತ್ರ ಆರಿಸಿದರೆ ಮುಗಿಯಿತು. ಚಿತ್ರದ ಅಳತೆ 1200 ಅಡ್ಡ, 630 ಎತ್ತರ ಇರಲಿ. ಫೈಲ್ 300 ಕೆಬಿ ಒಳಗಿದ್ದರೆ ಒಳ್ಳೆಯದು. ಚಿತ್ರ ತುಂಬಾ ಭಾರವಾದರೆ ವಾಟ್ಸ್‌ಆ್ಯಪ್ ಅದನ್ನು ಬಿಟ್ಟುಬಿಡುತ್ತೆ.

ಸೈಟ್ ಮಾಡಿದವರು ‘ಹಾಕಿದ್ದೇನೆ, ಆದರೂ ಬರುತ್ತಿಲ್ಲ’ ಅಂದರೆ ಅವರಿಗೆ ಈ ಮಾತು ಹೇಳಿ. ಕೆಲವು ಹೊಸ ಮಾದರಿಯ ಸೈಟುಗಳಲ್ಲಿ ಪುಟ ತೆರೆದ ಮೇಲೆ ಜಾವಾಸ್ಕ್ರಿಪ್ಟ್ ಓಡಿ ಈ ವಿವರ ತುಂಬುತ್ತೆ. ವಾಟ್ಸ್‌ಆ್ಯಪ್ ಅಷ್ಟು ಕಾಯುವುದಿಲ್ಲ, ಜಾವಾಸ್ಕ್ರಿಪ್ಟ್ ಓಡಿಸುವುದೂ ಇಲ್ಲ. ಪುಟ ಸರ್ವರ್‌ನಿಂದ ಹೊರಡುವಾಗಲೇ ವಿವರ ಒಳಗಿರಬೇಕು. ಎಲ್ಲ ಸರಿಮಾಡಿದ ಮೇಲೂ ಹಳೆಯದೇ ಕಾಣುತ್ತಿದ್ದರೆ ಗಾಬರಿ ಬೇಡ, ಹಳೆಯದನ್ನು ಅವು ನೆನಪಿಟ್ಟುಕೊಂಡಿರುತ್ತವೆ. ಫೇಸ್‌ಬುಕ್‌ನ ಶೇರಿಂಗ್ ಡಿಬಗ್ಗರ್ ಅನ್ನುವ ಪುಟಕ್ಕೆ ಹೋಗಿ ಲಿಂಕ್ ಹಾಕಿ ‘ಸ್ಕ್ರೇಪ್ ಎಗೇನ್’ ಒತ್ತಿದರೆ ಹೊಸದನ್ನು ಓದಿಕೊಳ್ಳುತ್ತೆ.

ಇನ್ನೊಂದು ಅಕ್ಷರದ ತೊಂದರೆ. ಇದು ಕನ್ನಡದವರಿಗೆ ಮಾತ್ರ ಅರ್ಥವಾಗುವ ಸಂಕಟ. ನಿಮ್ಮ ಸೈಟಿನ ಬರಹವನ್ನು ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿಸಿರಬೇಕು. ಆ ಹಳೆಯ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಖ್ಯೆಗಳೇ. ಫಾಂಟ್ ಅದರ ಮೇಲೆ ಕನ್ನಡದ ಮುಖ ತೊಡಿಸುತ್ತೆ. ಸೈಟಿನಲ್ಲಿ ಫಾಂಟ್ ಸೇರಿಸಿದ್ದರಿಂದ ಅಲ್ಲಿ ಕನ್ನಡ ಕಾಣುತ್ತೆ. ವಾಟ್ಸ್‌ಆ್ಯಪ್‌ಗೆ ಹೋದ ಕೂಡಲೇ ಆ ಮುಖ ಕಳಚಿ, ತಲೆಮೇಲೆ ಗೀಟು ಇರುವ ವಿಚಿತ್ರ ಅಕ್ಷರಗಳು ಕಾಣುತ್ತವೆ. ಗೂಗಲ್‌ನಲ್ಲಿ ‘ಚನ್ನಪಟ್ಟಣ ಬೊಂಬೆ’ ಅಂತ ಕನ್ನಡದಲ್ಲಿ ಹುಡುಕಿದವರಿಗೂ ನಿಮ್ಮ ಸೈಟ್ ಸಿಗುವುದಿಲ್ಲ, ಯಾಕೆಂದರೆ ಗೂಗಲ್ ಪಾಲಿಗೆ ಅದು ಕನ್ನಡವೇ ಅಲ್ಲ. ಎಲ್ಲ ಬರಹವನ್ನೂ, ಎಲ್ಲ ಫೋನು, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿ. ನುಡಿಯಿಂದ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಕೆಲವೊಮ್ಮೆ ಎಡವಟ್ಟಾಗುತ್ತವೆ, ಕೂತು ಒಂದು ಸಲ ಓದಿ ತಿದ್ದಿಕೊಳ್ಳಿ.

ಹಾಗೇ ಒಂದು ಮಾತು. ಪುಟದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಚಿಕ್ಕದಾಗಿ ಇಡಿ. ನನಗೂ ಕನ್ನಡ ವಿಳಾಸವೇ ಇಷ್ಟ. ಆದರೆ ಕಾಪಿ ಮಾಡಿ ಕಳಿಸಿದಾಗ ಒಂದೊಂದು ಕನ್ನಡ ಅಕ್ಷರವೂ, ಒಂದೊಂದು ಗುಣಿತದ ಚಿಹ್ನೆಯೂ ಒಂಬತ್ತು ಅಕ್ಷರದ ಶೇಕಡಾ ಗುರುತುಗಳ ಸಾಲಾಗುತ್ತೆ. ‘ಬೊಂಬೆ’ ಅನ್ನುವ ಪುಟ್ಟ ಪದವೇ ನಲವತ್ತೈದು ಅಕ್ಷರ ಆಗುತ್ತೆ. ನೋಡಿದವರು ಇದೇನೋ ಮೋಸದ ಲಿಂಕ್ ಅಂತ ಮುಟ್ಟುವುದೇ ಇಲ್ಲ.

ಮತ್ತೆ, ಚಿತ್ರ ಯಾವುದು ಹಾಕಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಂಗಡಿಯ ಲೋಗೋ ಹಾಕಬೇಡಿ. ತಿರುಗುತ್ತಿರುವ ಬೊಂಬೆಗೆ ಅರಗಿನ ಕಡ್ಡಿ ಒತ್ತಿದಾಗ ಬಣ್ಣ ಕರಗಿ ಹತ್ತುತ್ತಲ್ಲ, ಆ ಕ್ಷಣದ ಚಿತ್ರ ಹಾಕಿ. ಅದು ನಿಮ್ಮೂರಿನದು. ಪ್ಲಾಸ್ಟಿಕ್ ಬೊಂಬೆ ಮಾರುವವರ ಹತ್ತಿರ ಆ ಚಿತ್ರ ಇರುವುದಿಲ್ಲ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಹೋಮ್‌ಸ್ಟೇ ಇದೆ. ಸೈಟಿನ ಹೋಮ್ ಪೇಜಿನಲ್ಲಿ ನಮ್ಮ ಇನ್‌ಸ್ಟಾಗ್ರಾಂ ಫೋಟೋಗಳು ತಾವಾಗಿಯೇ ಬಂದು ಕೂರುವಂತೆ ಮಾಡಿಸಿದ್ದೆವು. ಒಂದು ದಿನ ಎಲ್ಲ ಮಾಯ. ಈಗ ಅಲ್ಲಿ ಖಾಲಿ ಪೆಟ್ಟಿಗೆ, ಕೆಂಪು ಅಕ್ಷರದಲ್ಲಿ ಏನೋ ಎರರ್. ವಾಪಸ್ ತರುವುದು ಹೇಗೆ?
*— ಹೋಮ್‌ಸ್ಟೇ ನಡೆಸುವವರು, ಸಕಲೇಶಪುರ*

ಆ ಪೆಟ್ಟಿಗೆಗೆ ಫೋಟೋ ತಂದುಕೊಡುತ್ತಿದ್ದ ಇನ್‌ಸ್ಟಾಗ್ರಾಂ ವ್ಯವಸ್ಥೆಯನ್ನೇ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎರಡರ ಒಡೆಯರಾದ ಮೆಟಾದವರು 2024ರ ಡಿಸೆಂಬರ್ 4ಕ್ಕೆ ಮುಚ್ಚಿದರು. ನಿಮ್ಮದು ಬಹುಶಃ ಪರ್ಸನಲ್ ಖಾತೆ. ಅದನ್ನು ಬಿಸಿನೆಸ್ ಖಾತೆಗೆ ಬದಲಿಸಿ, ಪ್ಲಗಿನ್ ಹೊಸ ಆವೃತ್ತಿಗೆ ಏರಿಸಿ, ಮತ್ತೆ ಲಾಗಿನ್ ಮಾಡಿ ಜೋಡಿಸಿದರೆ ಬರುತ್ತೆ. ಬದಲಿಸಲು ದುಡ್ಡಿಲ್ಲ.

ಆದರೆ ವಾಪಸ್ ತರಬೇಕಾ? ನನ್ನ ಕೇಳಿದರೆ ಬೇಡ. ಹೀಗೆ ಆಗುತ್ತಿರುವುದು ಇದೇ ಮೊದಲಲ್ಲ. 2020ರ ಅಕ್ಟೋಬರ್‌ನಲ್ಲಿ ವರ್ಡ್‌ಪ್ರೆಸ್ ಸೈಟುಗಳಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೋಸ್ಟಿನ ಲಿಂಕ್ ಅಂಟಿಸಿದರೆ ತಾನಾಗಿ ಪೋಸ್ಟ್ ಮೂಡುತ್ತಿದ್ದದ್ದು ನಿಂತಿತು. ಬೇರೆ ಸೈಟುಗಳಲ್ಲಿ ಹಾಕುತ್ತಿದ್ದ ಫೇಸ್‌ಬುಕ್ ಲೈಕ್ ಬಟನ್, ಕಾಮೆಂಟ್ ಬಟನ್ ಎರಡನ್ನೂ 2026ರ ಫೆಬ್ರವರಿ 10ಕ್ಕೆ ನಿಲ್ಲಿಸುವುದಾಗಿ ಮೆಟಾ ಪ್ರಕಟಿಸಿತು. ಅವರ ವಸ್ತು, ಅವರ ಇಷ್ಟ. ನಿಮ್ಮ ಹೋಮ್ ಪೇಜಿನ ಅತಿ ಒಳ್ಳೆಯ ಜಾಗವನ್ನು ಯಾಕೆ ಅವರ ಕೈಗೆ ಕೊಡುತ್ತೀರಿ?

ಇನ್ನೊಂದು ಕಾರಣ ನಿಮ್ಮ ಊರಿನದೇ. ಬೆಂಗಳೂರಿನಿಂದ ಹೊರಟವರು ಘಾಟಿ ಹತ್ತಿರ ಬರುವಾಗ ಸಿಗ್ನಲ್ ಒಂದೋ ಎರಡೋ ಕಡ್ಡಿ. ದಾರಿ ನೋಡಲು, ನಂಬರ್ ಹುಡುಕಲು ನಿಮ್ಮ ಸೈಟ್ ತೆರೆಯುತ್ತಾರೆ. ಆ ಹೊತ್ತಿಗೆ ಇನ್‌ಸ್ಟಾಗ್ರಾಂನಿಂದ ಹನ್ನೆರಡು ಫೋಟೋ, ಯೂಟ್ಯೂಬ್‌ನಿಂದ ಒಂದು ವಿಡಿಯೋ, ಅವುಗಳ ಹಿಂದೆ ಬರುವ ಸ್ಕ್ರಿಪ್ಟ್ ಎಲ್ಲ ಇಳಿಯುವವರೆಗೆ ನಿಮ್ಮ ಫೋನ್ ನಂಬರ್ ಕಾಣದಿದ್ದರೆ? ಹಿಂದೊಮ್ಮೆ ಒಂದು ತೋಟದ ಮನೆಯ ಸೈಟಿಗೆ ನಾನೇ ಇಂಥ ಪೆಟ್ಟಿಗೆ ಹಾಕಿಸಿದ್ದೆ. ಮಳೆಗಾಲದ ಒಂದು ಸಂಜೆ ಅತಿಥಿಗಳು ದಾರಿ ತಪ್ಪಿ, ಪುಟ ತೆರೆಯದೆ ಗಂಟೆಗಟ್ಟಲೆ ಅಲೆದರು. ಮನೆಯ ಯಜಮಾನರು ಆಮೇಲೆ ಹೇಳಿದಾಗ ನನಗೆ ಬಹಳ ನೋವಾಯಿತು. ಅವತ್ತೇ ತೆಗೆಸಿದೆ. ಅಂದಿನಿಂದ ಯಾರಿಗೂ ಹಾಕಿಸಿಲ್ಲ.

ನಿಮ್ಮ ಒಳ್ಳೆಯ ಹತ್ತು ಫೋಟೋಗಳನ್ನು ಆರಿಸಿ, ಕುಗ್ಗಿಸಿ, ಸೈಟಿಗೇ ಹಾಕಿ. ರೂಮು, ಬಚ್ಚಲು, ಊಟದ ತಟ್ಟೆ, ಮನೆ ಮುಂದಿನ ರಸ್ತೆ. ಹೌದು, ರಸ್ತೆಯ ಫೋಟೋ ಬೇಕೇ ಬೇಕು, ಸಣ್ಣ ಕಾರು ಬರುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಕೆಳಗೆ ‘ಇವತ್ತಿನ ಮಳೆ, ಮಂಜು ನೋಡಲು ಇನ್‌ಸ್ಟಾಗ್ರಾಂಗೆ ಬನ್ನಿ’ ಅಂತ ಒಂದು ಲಿಂಕ್. ಯೂಟ್ಯೂಬ್ ವಿಡಿಯೋ ಬೇಕೇಬೇಕು ಅಂದರೆ, ಮೊದಲು ಬರೀ ಚಿತ್ರ ಕಂಡು, ಒತ್ತಿದ ಮೇಲೆ ಮಾತ್ರ ಪ್ಲೇಯರ್ ಬರುವಂತೆ ಮಾಡಿಸಿ. ಫೋನ್ ನಂಬರ್ ಮತ್ತು ಮ್ಯಾಪ್ ಲಿಂಕ್ ಎಲ್ಲಕ್ಕಿಂತ ಮೇಲೆ ಇರಲಿ.

ಪ್ರಶ್ನೆ: ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತೇನೆ. ಎಲ್ಲ ಆರ್ಡರ್ ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್‌ನಲ್ಲೇ ಬರುತ್ತೆ. ನೆಂಟರು ಸೈಟ್ ಮಾಡಿಸು ಅಂತಾರೆ. ನಿಜಕ್ಕೂ ಬೇಕಾ ಅಣ್ಣಾ?
*— ಗೃಹಿಣಿ, ಶಿರಸಿ*

ತಂಗೀ, ಈಗಲೇ ದೊಡ್ಡ ಸೈಟ್ ಬೇಡ. ಆದರೆ ಒಂದೇ ಒಂದು ಪುಟ ಬೇಕು.

ಯಾಕೆ ಅಂತ ಹೇಳುತ್ತೇನೆ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಮ್ಮ ಸರಕಾರ ನಿಷೇಧಿಸಿತು. ಅಲ್ಲಿ ಲಕ್ಷಗಟ್ಟಲೆ ಜನ ಸೇರಿಸಿಕೊಂಡಿದ್ದವರ ಖಾತೆ ಏನೂ ಇಲ್ಲದಂತಾಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಒಟ್ಟಿಗೆ ಆರು ಗಂಟೆಯಷ್ಟು ಹೊತ್ತು ಕೆಲಸ ಮಾಡಲಿಲ್ಲ. ಇವು ದೊಡ್ಡ ಘಟನೆಗಳು. ಸಣ್ಣದು ದಿನವೂ ನಡೆಯುತ್ತೆ. ನನಗೆ ಗೊತ್ತಿರುವ ಒಬ್ಬ ಬೇಕರಿಯವರಿಗೆ ‘ನೀವು ಕಾಪಿರೈಟ್ ಮುರಿದಿದ್ದೀರಿ, ಇಲ್ಲಿ ಒತ್ತಿ’ ಅಂತ ಮೆಸೇಜ್ ಬಂತು. ಒತ್ತಿ ಪಾಸ್‌ವರ್ಡ್ ಕೊಟ್ಟರು. ಖಾತೆ ಕಳ್ಳರ ಪಾಲಾಯಿತು. ನಾಲ್ಕು ವರ್ಷದ ಗಿರಾಕಿಗಳು, ಫೋಟೋಗಳು, ಹೊಗಳಿಕೆ, ಎಲ್ಲ ಅದರಲ್ಲೇ ಇತ್ತು. ದಯವಿಟ್ಟು ಇವತ್ತೇ ಎರಡು ಹಂತದ ಭದ್ರತೆ (ಪಾಸ್‌ವರ್ಡ್ ಜತೆ ಇನ್ನೊಂದು ಕೋಡ್ ಕೇಳುವುದು) ಹಾಕಿಕೊಳ್ಳಿ, ಈ ಉತ್ತರ ಓದಿ ಮುಗಿಸುವ ಮೊದಲೇ.

ಒಂದು ಪುಟ ಅಂದರೆ, ನಿಮ್ಮದೇ ಒಂದು ಡೊಮೇನ್ ಹೆಸರು, ಅಂದರೆ ಸೈಟಿನ ವಿಳಾಸ. ಅದರಲ್ಲಿ ಏನೇನು ಮಾಡುತ್ತೀರಿ, ಯಾವ ತಿಂಗಳಲ್ಲಿ ಏನು ಸಿಗುತ್ತೆ, ತೂಕ, ಬೆಲೆ, ಕೊರಿಯರ್ ಖರ್ಚು, ನಿಮ್ಮ 14 ಅಂಕಿಯ ಆಹಾರ ಸುರಕ್ಷತಾ ನೋಂದಣಿಯ ಎಫ್‌ಎಸ್‌ಎಸ್‌ಎಐ ನಂಬರ್, ವಾಟ್ಸ್‌ಆ್ಯಪ್ ಬಟನ್. ಎಫ್‌ಎಸ್‌ಎಸ್‌ಎಐ ಮನೆಯಲ್ಲಿ ಮಾಡಿ ಮಾರುವವರಿಗೂ ಬೇಕು, ಇನ್ನೂ ಮಾಡಿಸಿಲ್ಲ ಅಂದರೆ ಮೊದಲು ಅದು. ಹಪ್ಪಳದ ಪಟ್ಟಿಯನ್ನು ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನ ಕ್ಯಾಟಲಾಗ್‌ನಲ್ಲೂ ಹಾಕಿ. ಬಾಟಲಿಯ ಲೇಬಲ್ ಮೇಲೆ ಆ ಡೊಮೇನ್ ಹೆಸರು ಅಚ್ಚು ಮಾಡಿಸಿ. ನಾಳೆ ಇನ್‌ಸ್ಟಾಗ್ರಾಂ ಇರಲಿ ಬಿಡಲಿ, ಮುಂಬೈಯಲ್ಲಿರುವ ನಿಮ್ಮ ಗಿರಾಕಿ ಬಾಟಲಿ ಖಾಲಿಯಾದಾಗ ಅದನ್ನೇ ನೋಡಿ ನಿಮ್ಮನ್ನು ಹುಡುಕುತ್ತಾರೆ.

ಬ್ರಾಡ್‌ಕಾಸ್ಟ್ ಅಂದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಮೆಸೇಜ್ ಹಲವರಿಗೆ ಒಟ್ಟಿಗೆ ಕಳಿಸುವಾಗ ಒಂದು ತಿಳಿದಿರಲಿ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತೆ. ಹಾಗಾಗಿ ಪಾರ್ಸೆಲ್ ಜತೆ ಒಂದು ಚೀಟಿ ಇಟ್ಟು ‘ಮಿಡಿ ಬಂದಾಗ ತಿಳಿಸಬೇಕಾದರೆ ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ’ ಅಂತ ಬರೆಯಿರಿ.

ಪ್ರಶ್ನೆ: ಮಕ್ಕಳ ಬಟ್ಟೆ ಹೊಲಿದುಕೊಡುತ್ತೇವೆ. ಗಿರಾಕಿಗಳು ವಾಟ್ಸ್‌ಆ್ಯಪ್‌ನಲ್ಲಿ ‘ತುಂಬಾ ಚೆನ್ನಾಗಿದೆ’ ಅಂತ ಮಗುವಿನ ಫೋಟೋ ಸಮೇತ ಕಳಿಸುತ್ತಾರೆ. ಆ ಸ್ಕ್ರೀನ್‌ಶಾಟ್ ಸೈಟಿಗೆ ಹಾಕಬಹುದಾ?
*— ಬೊಟಿಕ್ ನಡೆಸುವವರು, ದಾವಣಗೆರೆ*

ಕೇಳದೆ ಹಾಕಬೇಡಿ. ಅವರು ಕಳಿಸಿದ್ದು ನಿಮಗೆ, ಊರಿಗಲ್ಲ. ‘ಅಕ್ಕಾ, ಇದನ್ನು ಸೈಟಿಗೆ ಹಾಕಲಾ?’ ಅಂತ ಅಲ್ಲೇ ಕೇಳಿ, ‘ಹಾಕಿ’ ಅಂದದ್ದನ್ನು ಉಳಿಸಿಕೊಳ್ಳಿ. ಮಕ್ಕಳ ವಿಷಯದಲ್ಲಂತೂ ತಂದೆ ತಾಯಿಯ ಒಪ್ಪಿಗೆ ಬೇಕೇ ಬೇಕು. ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾನೂನು ಬಂದಿದೆ, ಅದರಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಒಪ್ಪಿದರೂ ಮಗುವಿನ ಹೆಸರು, ಶಾಲೆಯ ಬ್ಯಾಡ್ಜ್, ಮನೆ ಕಾಣದಂತೆ ನೋಡಿಕೊಳ್ಳಿ. ಫ್ರಾಕಿನ ನೆರಿಗೆ ಕಂಡರೆ ಸಾಕಲ್ವಾ, ಮುಖ ಯಾಕೆ?

ಸ್ಕ್ರೀನ್‌ಶಾಟ್ ಬದಲು ಅವರ ಮಾತನ್ನು ಹಾಗೇ ಟೈಪ್ ಮಾಡಿ. ಫೋನಿನಲ್ಲಿ ಸ್ಕ್ರೀನ್‌ಶಾಟ್ ಅಕ್ಷರ ಕಣ್ಣಿಗೆ ಕಾಣುವುದಿಲ್ಲ, ಗೂಗಲ್ ಕೂಡ ಸರಿಯಾಗಿ ಓದುವುದಿಲ್ಲ. ಇನ್ನು ದುಡ್ಡು ಕೊಟ್ಟು ಬರೆಸುವ ಹೊಗಳಿಕೆ ಬೇಡವೇ ಬೇಡ. ಒಬ್ಬರು ‘ತೋಳು ಸ್ವಲ್ಪ ಬಿಗಿಯಾಯಿತು, ಹೇಳಿದ ಮೇಲೆ ಬಿಚ್ಚಿ ಹೊಲಿದುಕೊಟ್ಟರು’ ಅಂತ ಬರೆದಿದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ ಹಾಕಿ. ಹೊಸಬರಿಗೆ ನಂಬಿಕೆ ಬರುವುದು ಅದನ್ನು ಓದಿ.

ಪ್ರಶ್ನೆ: ನಮ್ಮ ಗಿಡಗಳ ನರ್ಸರಿಯ ಸೈಟ್, ಫೇಸ್‌ಬುಕ್ ಪೇಜ್, ಗೂಗಲ್ ಮ್ಯಾಪ್ ಎಲ್ಲ ಒಬ್ಬರೇ ಮಾಡಿಕೊಟ್ಟಿದ್ದರು. ಎಲ್ಲವೂ ಅವರ ಇಮೇಲ್‌ನಲ್ಲೇ ಇದೆ. ಈಗ ಅವರು ಫೋನ್ ಎತ್ತುತ್ತಿಲ್ಲ. ಮ್ಯಾಪ್‌ನಲ್ಲಿ ಹಳೇ ನಂಬರ್ ಇದೆ, ಗಿರಾಕಿಗಳು ಅದಕ್ಕೇ ಫೋನ್ ಮಾಡುತ್ತಾರೆ. ಏನು ಮಾಡಲಿ?
*— ನರ್ಸರಿ ಮಾಲೀಕರು, ಶಿವಮೊಗ್ಗ*

ಈ ಪತ್ರ ಓದಿ ಬೇಸರವಾಯಿತು. ಇಂಥವು ತಿಂಗಳಿಗೆ ಒಂದಾದರೂ ಬರುತ್ತೆ.

ಮೊದಲು ಮ್ಯಾಪ್, ಅದೇ ಸುಲಭ. ನಿಮ್ಮ ಸ್ವಂತ ಜಿಮೇಲ್‌ನಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೆ ಹೋಗಿ ನರ್ಸರಿ ಹೆಸರು ಹುಡುಕಿ, ಮಾಲೀಕತ್ವ ಕೋರುವ ಅರ್ಜಿ ಹಾಕಿ. ಈಗ ಹಿಡಿದಿರುವವರಿಗೆ ಉತ್ತರಿಸಲು ಮೂರು ದಿನ ಇರುತ್ತೆ. ಅವರು ಸುಮ್ಮನಿದ್ದರೆ, ಗೂಗಲ್ ನಿಮ್ಮನ್ನೇ ಪರಿಶೀಲಿಸಿ ಕೊಡುವ ದಾರಿ ತೆರೆಯಬಹುದು. ಬೋರ್ಡು, ಗಿಡಗಳು, ಲೈಸೆನ್ಸ್ ಕಾಣುವಂತೆ ವಿಡಿಯೋ ಕೇಳಿದರೆ ತಯಾರಿರಿ.

ಡೊಮೇನ್ ಯಾರ ಹೆಸರಿನಲ್ಲಿದೆ, ಯಾವ ತಾರೀಖಿಗೆ ಮುಗಿಯುತ್ತೆ ಅಂತ ಹೂಈಸ್ (WHOIS) ಅನ್ನುವ ಹುಡುಕಾಟದಲ್ಲಿ ನೋಡಿ. ಹೆಸರು ಕಾಣದಿದ್ದರೂ ಯಾವ ಕಂಪನಿಯಲ್ಲಿ ನೋಂದಾಯಿಸಿದ್ದಾರೆ, ಯಾವಾಗ ಮುಗಿಯುತ್ತೆ ಎರಡೂ ಸಿಗುತ್ತೆ. ದುಡ್ಡು ಕಟ್ಟಿದ ರಸೀದಿ ನಿಮ್ಮ ಹತ್ತಿರ ಇದ್ದರೆ ಆ ಕಂಪನಿಗೆ ಬರೆಯಿರಿ. ಆ ವ್ಯಕ್ತಿಗೂ ಜಗಳವಾಡದೆ ಒಂದು ರಿಜಿಸ್ಟರ್ಡ್ ಪತ್ರ ಕಳಿಸಿ. ಕೆಲವರು ಕಾಗದ ಕಂಡರೆ ಕೊಟ್ಟುಬಿಡುತ್ತಾರೆ. ಫೇಸ್‌ಬುಕ್ ಪೇಜ್ ಮಾತ್ರ ಬಹಳ ಕಷ್ಟ, ಅವರೇ ನಿಮಗೆ ಪೂರ್ತಿ ಅಧಿಕಾರ ಕೊಡಬೇಕು. ಸಿಗದಿದ್ದರೆ ಹೊಸ ಪೇಜ್ ಮಾಡಿ, ಸೈಟ್ ಕೈಗೆ ಬಂದ ಕೂಡಲೇ ಅಲ್ಲಿನ ಲಿಂಕ್ ಬದಲಿಸಿ.

ಹೊಸದಾಗಿ ಮಾಡಿಸುವವರೆಲ್ಲ ಕೇಳಿ. ನಿಮ್ಮ ವ್ಯಾಪಾರದ ಹೆಸರಿನಲ್ಲೇ ಒಂದು ಜಿಮೇಲ್ ಮಾಡಿ, ಅದರ ಪಾಸ್‌ವರ್ಡ್ ಮನೆಯವರ ಇಬ್ಬರಲ್ಲಿರಲಿ. ಡೊಮೇನ್, ಪೇಜ್, ಮ್ಯಾಪ್ ಎಲ್ಲಕ್ಕೂ ಅದೇ ಇಮೇಲ್ ಕೊಡಿ. ಕೆಲಸ ಮಾಡುವವರನ್ನು ಮ್ಯಾನೇಜರ್ ಅಂತ ಸೇರಿಸಿ, ಮಾಲೀಕರು ಅಂತ ಬೇಡ. ಡೊಮೇನ್ ದುಡ್ಡನ್ನು ನಿಮ್ಮ ಕಾರ್ಡಿನಿಂದಲೇ ಕಟ್ಟಿ.

ಶಿವಮೊಗ್ಗದವರು ಇವತ್ತೇ ಇನ್ನೊಂದು ಮಾಡಿ. ಆ ಹಳೇ ಸಿಮ್ ಇನ್ನೂ ಮನೆಯಲ್ಲಿದ್ದರೆ ರೀಚಾರ್ಜ್ ಮಾಡಿಸಿ, ಬರುವ ಕರೆಗಳು ಹೊಸ ನಂಬರಿಗೆ ಹೋಗುವಂತೆ ಹಾಕಿ. ಮ್ಯಾಪ್ ಸರಿಯಾಗುವವರೆಗೆ ಅಷ್ಟಾದರೂ ಕರೆ ಕೈತಪ್ಪದಿರಲಿ.